ರಜೆಯ ಸೇವೆ: ಕೆನ್ಯಾವೋ, ಪಾವಗಡವೋ?

ಮಧುಗಿರಿಯ ನಮ್ಮ ಕುಟುಂಬದಲ್ಲಿ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಸೋದರಳಿಯನೇ ಮೊದಲಿಗ. ಈಗ ಎಂ.ಬಿ.ಬಿ.ಎಸ್. ಎರಡನೆಯ ವರ್ಷ. ಬೇಸಿಗೆ ರಜೆಯ ನಾಲ್ಕು ವಾರಗಳನ್ನು ಕೆನ್ಯಾದ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕನಾಗಿ ಕಳೆಯಬೇಕೆಂಬುದು ಅವನ ಇಚ್ಛೆ. ನಿಯ್ಯತ್ ಒಳ್ಳೆಯದೇ. ಆದರೆ ಕಳುಹಿಸುವ ಸಂಸ್ಥೆಯ ಶುಲ್ಕ, ವಿಮಾನದ ಟಿಕೇಟು, ಪ್ರವೇಶಾನುಮತಿ, ಹಳದಿ ಜ್ವರದ ಲಸಿಕೆ ಎಲ್ಲವೂ ಸೇರಿದರೆ ನಮ್ಮ ತಂಗಿಯು ಉಮ್ರಾಕ್ಕೆಂದು ವರ್ಷಗಳಿಂದ ಕೂಡಿಟ್ಟ ಹಣವೆಲ್ಲ ಕರಗುತ್ತದೆ. ಆಕೆ ಕೊಡಲು ಸಿದ್ಧಳಿದ್ದಾಳೆ. ಆದುದರಿಂದಲೇ ಪ್ರಶ್ನೆ ಕೇಳುವ ಹೊಣೆ ನಮ್ಮ ಮೇಲೆ ಬಿತ್ತು.

"ಅಲ್ಲಿ ಏನು ಮಾಡುತ್ತೀಯ?" ಎಂದೆವು.

"ರೋಗಿಗಳನ್ನು ನೋಡುತ್ತೇನೆ, ಮಾಮೂ. ಗಾಯಕ್ಕೆ ಹೊಲಿಗೆ ಹಾಕಲೂ ಬಿಡುತ್ತಾರಂತೆ."

ಇಲ್ಲಿ ಹಿರಿಯ ವೈದ್ಯರು ಪಕ್ಕದಲ್ಲಿ ನಿಲ್ಲದೆ ಮುಟ್ಟಲಾಗದ ಗಾಯವನ್ನು, ಕಡಲಾಚೆಯ ಬಡವನದು ಎಂಬ ಕಾರಣಕ್ಕೆ ಮುಟ್ಟಬಹುದೇ? ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗೆ ಕೈಹಾಕಿದವನು ಆಗುವ ಹಾನಿಗೆ ಹೊಣೆಗಾರನೆಂಬ ಪ್ರವಾದಿ(ಸ)ಯವರ ಉಪದೇಶವು ಅಬೂದಾವೂದ್ ಸಂಗ್ರಹದಲ್ಲಿದೆ. ರೋಗಿಯ ದೇಶ ನೋಡಿ ಕೊಡುವ ವಿನಾಯಿತಿಯೇನೂ ಅದರಲ್ಲಿಲ್ಲ. ಭಾಷೆಯ ಮಾತೂ ಇದೆ. ಸ್ವಾಹಿಲಿಯಲ್ಲಿ ಔಷಧಕ್ಕೆ 'ದಾವಾ' ಎನ್ನುತ್ತಾರೆ. ನಮ್ಮ ದವಾಖಾನೆಯಲ್ಲಿರುವುದೂ ಅದೇ ಅರಬಿ ಪದ. ಕೇಳಿ ಸಂತೋಷವಾಯಿತು. ಆದರೆ ಆ ಒಂದು ಪದದಿಂದ, ಹೊಟ್ಟೆನೋವು ಎಂದಿನಿಂದ ಎಂದು ಕೇಳಲಾಗದು.

ಆಗ ನಾವು ಪಾವಗಡದ ಮಾತೆತ್ತಿದೆವು. ಆಂಧ್ರದ ನೆಲ ಬಹುಪಾಲು ಸುತ್ತುವರಿದ ಆ ತಾಲ್ಲೂಕಿನ ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ಫ್ಲೋರೈಡ್ ನೀರು ಬರುತ್ತಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದರೆ, ಹಲ್ಲು ಮೂಡುವ ವಯಸ್ಸಿನ ಮಕ್ಕಳಲ್ಲಿ ಕಂದು ಕಲೆ ಬೀಳುತ್ತದೆ. ದಶಕಗಳ ಕಾಲ ಕುಡಿದವರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಸಿರಾ, ಮಧುಗಿರಿಯ ಕೆಲವು ಹಳ್ಳಿಗಳಿಗೂ ಈ ಕಾಟ ತಪ್ಪಿಲ್ಲ. ನೀರನ್ನು ಕುದಿಸಿದರೆ ದೋಷ ಹೋಗುತ್ತದೆಂದು ನಂಬಿದ ತಾಯಂದಿರನ್ನು ನಾವೇ ಕಂಡಿದ್ದೇವೆ. ಕುದಿಸಿದರೆ ನೀರು ಇಂಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಇದನ್ನು ತಿಳಿಸಿ ಹೇಳಲು ವೈದ್ಯ ಪದವಿಯೇ ಬೇಕೆಂದಿಲ್ಲ. ಎರಡನೆಯ ವರ್ಷದ ವಿದ್ಯಾರ್ಥಿ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಕೆಳಗೆ ಮನೆಮನೆಗೆ ಹೋಗಿ, ಯಾರು ಯಾವ ನೀರು ಕುಡಿಯುತ್ತಾರೆಂದು ಬರೆದುಕೊಳ್ಳುವ ಕೆಲಸವೂ ಇದೆ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನಕ್ಕೆ ನೆಲ ಕೊಟ್ಟ ತಾಲ್ಲೂಕಿನಲ್ಲಿ ಒಂದು ಕೊಡ ನೀರಿಗೆ ಲೆಕ್ಕ ಹಾಕುವವರಿದ್ದಾರೆ. ಇದನ್ನು ನೋಡಲು ಪಾಸ್‌ಪೋರ್ಟ್ ಬೇಡ.

"ಪಾವಗಡದ ಅನುಭವಕ್ಕೆ ಯಾರು ಬೆಲೆ ಕೊಡುತ್ತಾರೆ, ಮಾಮೂ?" ಎಂದು ಅವನು ಕೇಳಿದ. ಪ್ರಶ್ನೆ ಪ್ರಾಮಾಣಿಕವಾದುದು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ 1984ರಲ್ಲಿ ಸ್ವಾಮಿ ವಿವೇಕಾನಂದ ಯುವ ಚಳವಳಿ ಕಟ್ಟಿ, ಮುಂದೆ ಹೆಗ್ಗಡದೇವನಕೋಟೆಯ ಆದಿವಾಸಿಗಳ ನಡುವೆ ನೆಲೆಸಿದ ಕಥೆ ಹೇಳಿದೆವು. ಅವರು ದೂರ ಹೋಗಲಿಲ್ಲ, ಬೇಗ ಹಿಂದಿರುಗಲೂ ಇಲ್ಲ. ಅವನು ಉತ್ತರಿಸದೆ ಎದ್ದು ಹೋದ. ಸಿರಾ, ಕೊರಟಗೆರೆಯ ಬಂಧುಗಳು ಹುಡುಗನ ಉತ್ಸಾಹಕ್ಕೆ ತಣ್ಣೀರೆರಚಿದಿರೆಂದು ನಮ್ಮ ಮೇಲೆಯೇ ಮುನಿಸಿಕೊಂಡರು.

ಕೆನ್ಯಾ ಬೇಡವೆಂದು ನಾವು ಹೇಳಿಲ್ಲ. ಇಂಟರ್ನ್‌ಶಿಪ್ ಮುಗಿಸಿ, ನೋಂದಣಿ ಪಡೆದು, ಅಲ್ಲಿನವರಿಗೆ ಬೇಕಾದ ವಿದ್ಯೆಯೊಂದನ್ನು ಕಲಿತು ಹೋಗಲಿ. ಆಗ ಖರ್ಚಿನಲ್ಲಿ ನಾವೂ ಕೈಜೋಡಿಸುತ್ತೇವೆ. ಉಮ್ರಾದ ಹಣ ಸದ್ಯಕ್ಕೆ ತಂಗಿಯ ಖಾತೆಯಲ್ಲಿಯೇ ಇದೆ.

ಎರಡು ದಿನ ಮಾತು ಬಿಟ್ಟಿದ್ದ ಹುಡುಗ ಮೂರನೆಯ ದಿನ ತನ್ನ ನಾನಿಯ ಬಳಿ ಕುಳಿತಿದ್ದ. ನಮ್ಮ ತಾಯಿ ಪಾವಗಡದಲ್ಲಿ ಹುಟ್ಟಿದವರು. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತೆಲುಗು ಆಡಿ ಬೆಳೆದವರು. ಎಲ್ಲಿ ನೋವು ಎಂದು ತೆಲುಗಿನಲ್ಲಿ ಕೇಳುವುದು ಹೇಗೆಂದು ಅವನು ವಿಚಾರಿಸುತ್ತಿದ್ದ. "ನೊಪ್ಪಿ ಎಕ್ಕಡ" ಎಂದು ಅವರು ನಾಲ್ಕು ಬಾರಿ ಹೇಳಿಸಿದರು. ಪ್ರಶ್ನೆ ಬಾಯಿಗೆ ಬಂದಿದೆ. ರೋಗಿಯ ಉತ್ತರ ಅರ್ಥವಾಗುವಷ್ಟು ತೆಲುಗು ಇನ್ನೂ ಬಂದಿಲ್ಲ. ರಜೆಗೆ ಆರು ವಾರಗಳಿವೆ.