ಅವಧಿಯ ವಿಜ್ಞಾಪನೆ

ಯಾಚನೆ ಬೇರೆ, ವಿಜ್ಞಾಪನೆ ಬೇರೆ. ಈ ಭೇದವನ್ನರಿಯದೆ ಎಷ್ಟೋ ಮಂದಿ ವಿದ್ಯಾರ್ಥಿಗಳು ಪ್ರಬಂಧವು ಮುಗಿಯುವ ಹೊತ್ತಿಗೆ ಲೇಖನಿಯನ್ನು ಕೆಳಗಿಡುತ್ತಾರೆ.

ನನ್ನ ಸೊಸೆಯು ಶಾಸನಗಳನ್ನು ಕುರಿತು ಪಿಎಚ್.ಡಿ. ಪ್ರಬಂಧವನ್ನು ಬರೆಯುತ್ತಿರುವಳು. ಶಿಶುವಿನ ಪಾಲನೆ, ಅತ್ತೆಯ ದೀರ್ಘವ್ಯಾಧಿ ಇವುಗಳ ನಡುವೆ ಐದು ವರ್ಷಗಳು ಕಳೆದುವು. ಎರಡು ಅಧ್ಯಾಯಗಳು ಉಳಿದುವು. "ಮಾವ, ಇನ್ನೂ ಕಾಲ ಬೇಕೆಂದು ಯಾವ ಮುಖದಿಂದ ಕೇಳಲಿ? ಬಿಟ್ಟುಬಿಡುತ್ತೇನೆ" ಎಂದಳು. ನಮ್ಮ ಮನೆಗಾಗಿ ವ್ಯಯಮಾಡಿದ ಕಾಲಕ್ಕೆ ಅವಳು ನಾಚಬೇಕೆ?

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯನ್ನು ತರಿಸಿ ಓದಿದೆನು. ಪಿಎಚ್.ಡಿ.ಗೆ ಪರಮಾವಧಿ 6 ವರ್ಷ. ಆಯಾ ವಿದ್ಯಾಸಂಸ್ಥೆಯ ಕಟ್ಟಳೆಯಂತೆ ಮರುನೋಂದಣಿಯಿಂದ ಇನ್ನು 2 ವರ್ಷ ದೊರೆಯಬಹುದು. ಸ್ತ್ರೀಯರಿಗೆ ಮತ್ತೆ 2 ವರ್ಷಗಳ ಸಡಿಲಿಕೆಯುಂಟು. ಒಟ್ಟು 10ನ್ನು ಮೀರತಕ್ಕದ್ದಲ್ಲ. ಪ್ರಸವ, ಶಿಶುಪಾಲನೆಗಳಿಗಾಗಿ 240 ದಿನಗಳವರೆಗೆ ರಜೆಯನ್ನೂ ಕೊಡಬಹುದು. ನಿಯಮವನ್ನು ರಚಿಸಿದವರೇ ಸಂಸಾರದ ಭಾರವನ್ನು ನೆನೆದಿರುವಾಗ ಸಂಕೋಚಕ್ಕೆ ಎಡೆಯೆಲ್ಲಿ?

ವಿಜ್ಞಾಪನೆಗೂ ಒಂದು ಕ್ರಮವುಂಟು. ಅವಧಿಯು ತೀರುವುದಕ್ಕೆ ಮೊದಲೇ ಬರೆಯಬೇಕು. ಕಾರಣವನ್ನು ನಾಲ್ಕು ಮಾತಿನಲ್ಲಿ ಹೇಳಿ, ಆದ ಕೆಲಸ, ಉಳಿದ ಕೆಲಸ, ಅದಕ್ಕೆ ಬೇಕಾದ ತಿಂಗಳುಗಳು ಇವನ್ನು ಸ್ಪಷ್ಟವಾಗಿ ಕಾಣಿಸಿ, ಮಾರ್ಗದರ್ಶಕರ ಅಭಿಪ್ರಾಯವನ್ನು ಲಗತ್ತಿಸಬೇಕು. ಸೊಸೆಯು ಹಾಗೆಯೇ ಬರೆದು ಕಳುಹಿಸಿರುವಳು, ಉತ್ತರವನ್ನು ನಿರೀಕ್ಷಿಸುತ್ತಿದ್ದೇವೆ.

ಆದರೆ ವಾಚಕರಲ್ಲಿ ನನ್ನದೂ ಒಂದು ವಿಜ್ಞಾಪನೆಯಿದೆ. ವಿದ್ಯಾಸಂಸ್ಥೆಯು ವರ್ಷಗಳನ್ನು ಕೊಡಬಲ್ಲುದು. ದಿನದ ಗಳಿಗೆಗಳನ್ನು ಕೊಡತಕ್ಕವರು ಮನೆಯವರು. ಬೆಳಗಿನ ಮೂರು ಗಂಟೆಗಳ ಕಾಲ ಮೊಮ್ಮಗನನ್ನೂ ರೋಗಿಯನ್ನೂ ನೋಡಿಕೊಳ್ಳುವ ಭಾರವು ಈಗ ನನ್ನದಾಗಿದೆ.