ಸೀಟಿಯ ಸದ್ದು

ಮಕ್ಕಳೇ, ನೀವು ಲಗೋರಿ ಆಡುವಾಗ ಜಗಳವಾಗುವುದುಂಟೇ? "ಚೆಂಡು ನನಗೆ ತಾಗಲೇ ಇಲ್ಲ" ಎಂದು ಒಬ್ಬರು, "ತಾಗಿತು, ನಾನೇ ಕಂಡೆ" ಎಂದು ಮತ್ತೊಬ್ಬರು ಕೂಗುತ್ತೀರಿ, ಅಲ್ಲವೇ? ಅಷ್ಟರಲ್ಲಿ ಬಿಡುವಿನ ವೇಳೆ ಮುಗಿದು ಗಂಟೆ ಬಾರಿಸುತ್ತದೆ. ಆಟವೂ ಇಲ್ಲ, ತೀರ್ಮಾನವೂ ಇಲ್ಲ. ಅಂತಹ ಜಗಳಗಳನ್ನು ಆಗಿಂದಾಗಲೇ ತೀರಿಸುವುದು ನನ್ನ ಕೆಲಸ. ನಾನು ವ್ಯಾಯಾಮ ಶಿಕ್ಷಕ. ರಜಾದಿನಗಳಲ್ಲಿ ಹೊಸೂರು, ಕೃಷ್ಣಗಿರಿ ಕಡೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ತೀರ್ಪುಗಾರನಾಗಿ ಹೋಗುತ್ತೇನೆ. ಕೊರಳಲ್ಲಿ ಒಂದು ಸೀಟಿ, ಕಾಲಲ್ಲಿ ಕರಿಯ ಬೂಟು, ಚೀಲದಲ್ಲಿ ಒಂದು ನಿಯಮ ಪುಸ್ತಕ. ಇಷ್ಟೇ ನನ್ನ ಸಾಮಾನು.

ಈ ಆಟ ಹುಟ್ಟಿದ ಕಥೆ ನಿಮಗೆ ಗೊತ್ತೇ? 1891ರ ಡಿಸೆಂಬರ್ ತಿಂಗಳು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಕೊರೆಯುವ ಚಳಿ. ಹೊರಗೆ ಆಡಲಾಗದೆ ವಿದ್ಯಾರ್ಥಿಗಳು ಬೇಸತ್ತಿದ್ದರು. ಅವರ ಶಿಕ್ಷಕ ಜೇಮ್ಸ್ ನೈಸ್ಮಿತ್ ಒಳಾಂಗಣದಲ್ಲಿಯೇ ಆಡುವಂತಹ ಹೊಸ ಆಟವೊಂದನ್ನು ಯೋಚಿಸಿದರು. ಕಟ್ಟಡ ನೋಡಿಕೊಳ್ಳುವವನನ್ನು ಎರಡು ಪೆಟ್ಟಿಗೆ ಕೇಳಿದರೆ ಅವನು ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು! ಅವನ್ನೇ ಹತ್ತು ಅಡಿ ಎತ್ತರದಲ್ಲಿ ಕಟ್ಟಿದರು. ಇಂದಿಗೂ ಬಳೆಯ ಎತ್ತರ ಅಷ್ಟೇ, ಹತ್ತು ಅಡಿ. ಆದರೆ ಆ ಬುಟ್ಟಿಗಳಿಗೆ ತಳವಿತ್ತು. ಚೆಂಡು ಒಳಗೆ ಬಿದ್ದರೆ ಏಣಿ ಹತ್ತಿ ತೆಗೆಯಬೇಕಾಗಿತ್ತು. ನಮ್ಮ ಲಗೋರಿಯಂತೆಯೇ ಕಲ್ಲಿಗೆ ಗುರಿಯಿಟ್ಟು ಎಸೆಯುವ ಒಂದು ಆಟವನ್ನು ನೈಸ್ಮಿತ್ ಚಿಕ್ಕಂದಿನಲ್ಲಿ ಆಡಿದ್ದರಂತೆ. ಜೋರಾಗಿ ಎಸೆಯುವುದಕ್ಕಿಂತ ಮೆಲ್ಲನೆ ಮೇಲಕ್ಕೆ ಎಸೆದರೆ ಗುರಿ ಸಿಗುತ್ತದೆ ಎಂಬುದು ಅಲ್ಲಿ ಕಲಿತ ಪಾಠ.

ನೈಸ್ಮಿತ್ ಬರೆದದ್ದು ಹದಿಮೂರೇ ನಿಯಮ. ಅವುಗಳಲ್ಲಿ ಒಂದು, ಚೆಂಡನ್ನು ಹಿಡಿದುಕೊಂಡು ಓಡಬಾರದು ಎಂಬುದು. ಈಗ ನಿಯಮ ಪುಸ್ತಕ ದಪ್ಪವಾಗಿದೆ. ಆದರೂ ಆ ಹಳೆಯ ನಿಯಮ ಉಳಿದಿದೆ. ನೆಲಕ್ಕೆ ತಟ್ಟುತ್ತಾ ಎಷ್ಟು ದೂರ ಬೇಕಾದರೂ ಓಡಬಹುದು. ಹಿಡಿದು ನಿಂತ ಮೇಲೆ ಮಾತ್ರ ಒಂದು ಪಾದ ನೆಲಕ್ಕೆ ಅಂಟಿರಬೇಕು. ಗೂಟಕ್ಕೆ ಕಟ್ಟಿದ ಕರುವನ್ನು ನೋಡಿದ್ದೀರಲ್ಲವೇ? ಅದು ಸುತ್ತಲೂ ತಿರುಗುತ್ತದೆ, ಗೂಟ ಮಾತ್ರ ಕದಲದು. ಹಾಗೆ ಒಂದು ಪಾದ ಗೂಟ, ಇನ್ನೊಂದು ಕರು. ಗೂಟ ಕಿತ್ತು ಬಂದರೆ ತಪ್ಪು. ಇದನ್ನು 'ಟ್ರಾವಲಿಂಗ್' ಎನ್ನುತ್ತಾರೆ.

ನಮ್ಮ ಗಡಿಯ ಊರುಗಳಲ್ಲಿ ತೀರ್ಪು ಹೇಳುವುದಕ್ಕೆ ಇನ್ನೊಂದು ಸೊಗಸಿದೆ. ತಳಿ, ದೇಂಕಣಿಕೋಟೆ ಕಡೆಯಿಂದ ಬಂದ ತಂಡದಲ್ಲಿ ಕನ್ನಡ ಮಾತು. ಎದುರು ತಂಡದಲ್ಲಿ ತಮಿಳು. ಬಾಗಲೂರಿನ ಹುಡುಗ ತೆಲುಗಿನಲ್ಲಿ ಗೊಣಗುತ್ತಾನೆ. ಮೂವರಿಗೂ ಅರ್ಥವಾಗುವಂತೆ ನಾನು ಹೇಗೆ ಹೇಳಲಿ? ಅದಕ್ಕೇ ಕೈಗಳಿವೆ. ಅಂಗೈ ಬಿಡಿಸಿ ಮೇಲೆತ್ತಿದರೆ ಚೆಂಡಾಡುವ ನಿಯಮ ಮುರಿಯಿತು ಎಂದು ಅರ್ಥ. ಮುಷ್ಟಿ ಬಿಗಿದು ಎತ್ತಿದರೆ ಯಾರೋ ಯಾರನ್ನೋ ತಳ್ಳಿದ್ದಾರೆ ಇಲ್ಲವೇ ಹಿಡಿದಿದ್ದಾರೆ. ಎರಡು ಮುಷ್ಟಿಗಳನ್ನು ಎದೆಯ ಮುಂದೆ ಒಂದರ ಸುತ್ತ ಒಂದು ತಿರುಗಿಸಿದರೆ ಟ್ರಾವಲಿಂಗ್. ಸೊಂಟದ ಮೇಲೆ ಎರಡು ಕೈ ಇಟ್ಟರೆ ದಾರಿಗೆ ಅಡ್ಡ ಬಂದ ತಪ್ಪು. ಚೆನ್ನೈಯಲ್ಲಿಯೂ ಬೆಂಗಳೂರಿನಲ್ಲಿಯೂ ಇದೇ ಕೈಸನ್ನೆ. ಬೇರೆ ದೇಶಗಳಿಗೆ ಹೋದರೂ ಇವು ನಡೆಯುತ್ತವೆ.

ಈಗ ನಿಮಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಹೊಸೂರಿನಲ್ಲಿ ಶಾಲಾ ಬಾಲಕಿಯರ ಪಂದ್ಯ ನಡೆಯುತ್ತಿತ್ತು. ಸಿಮೆಂಟಿನ ಅಂಕಣ, ಅದರ ಮೇಲೆ ನಸುಮಣ್ಣು. ಕೊನೆಯ ಇಪ್ಪತ್ತು ಸೆಕೆಂಡು ಉಳಿದಿತ್ತು. ಹಳ್ಳಿಯ ಕಡೆಯಿಂದ ಬಂದ ತಂಡ ಒಂದೇ ಒಂದು ಅಂಕ ಹಿಂದೆ ಇತ್ತು. ಆ ತಂಡದ ಏಳನೆಯ ನಂಬರಿನ ಹುಡುಗಿ ಓಡಿ ಬಂದು ಚೆಂಡು ಹಿಡಿದಳು. ಕಾಲು ಜಾರಿತು. ಚೆಂಡನ್ನು ಎದೆಗೆ ಅವಚಿಕೊಂಡೇ ಬಿದ್ದು, ಎರಡು ಮೂರು ಅಡಿ ನೆಲದ ಮೇಲೆ ಜಾರಿಹೋದಳು. ಮೊಣಕಾಲು ತರಚಿತು. ಆಗಲೂ ಅವಳು ಬುಟ್ಟಿಯ ಕೆಳಗೆ ನಿಂತಿದ್ದ ಗೆಳತಿಯ ಕಡೆಗೆ ಕೈ ಚಾಚುತ್ತಿದ್ದಳು.

ಎದುರು ತಂಡದವರು, ನೋಡುವವರು ಎಲ್ಲರೂ ಒಟ್ಟಿಗೆ "ಟ್ರಾವಲ್! ಟ್ರಾವಲ್!" ಎಂದು ಕೂಗಿದರು. ನಾನು ಸೀಟಿ ಊದಿಬಿಟ್ಟೆ. ಮುಷ್ಟಿಗಳನ್ನು ತಿರುಗಿಸಿದೆ. ಚೆಂಡು ಎದುರು ತಂಡಕ್ಕೆ ಹೋಯಿತು. ಆಟ ಮುಗಿಯಿತು.

ಆ ಹುಡುಗಿ ಅಳಲಿಲ್ಲ. ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತಾ, "ಸಾರ್, ನಾನು ಮೇಲಕ್ಕೆ ಏಳಲಿಲ್ಲವಲ್ಲ ಸಾರ್" ಎಂದಳು. ಅಷ್ಟೇ. ನಾನು ಏನೂ ಹೇಳದೆ ಅಂಕಪಟ್ಟಿಗೆ ಸಹಿ ಹಾಕಿದೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳ ಮಾತೇ ಕಿವಿಯಲ್ಲಿ ಇತ್ತು. ರಾತ್ರಿ ಊಟವಾದ ಮೇಲೆ ನಿಯಮ ಪುಸ್ತಕ ತೆರೆದೆ. ಓದದ ಪುಸ್ತಕವೇನಲ್ಲ. ಪರೀಕ್ಷೆಗೆ ಓದಿ ಪಾಸಾದದ್ದೇ. ಆದರೂ ಆ ಸಾಲುಗಳ ಮೇಲೆ ನಾನು ಬೆರಳಿಟ್ಟು ನಿಂತದ್ದು ಅಂದೇ. ಚೆಂಡು ಹಿಡಿದ ಆಟಗಾರ ಬಿದ್ದು ನೆಲದ ಮೇಲೆ ಜಾರಿದರೆ ಅದು ತಪ್ಪಲ್ಲ. ಆಮೇಲೆ ಚೆಂಡಿನೊಡನೆ ಉರುಳಿದರೆ ಅಥವಾ ಎದ್ದು ನಿಲ್ಲಲು ಹೋದರೆ ತಪ್ಪು. ಯೋಚಿಸಿ ನೋಡಿ, ಅದು ನ್ಯಾಯವೇ ಆಗಿದೆ. ಜಾರುವವರು ಬೇಕೆಂದು ಮುಂದೆ ಹೋಗುವುದಿಲ್ಲ. ಓಡಿಬಂದ ವೇಗವೇ ಅವರನ್ನು ಎಳೆದೊಯ್ಯುತ್ತದೆ. ಉರುಳುವವರು, ಏಳುವವರು ಮಾತ್ರ ತಾವಾಗಿಯೇ ಜಾಗ ಗಳಿಸುತ್ತಾರೆ. ಆ ಹುಡುಗಿ ಉರುಳಿರಲಿಲ್ಲ, ಎದ್ದಿರಲಿಲ್ಲ. ನನ್ನ ಸೀಟಿಯನ್ನು ಊದಿದ್ದು ನಾನಲ್ಲ, ಆ ಕೂಗು.

ಎರಡು ದಿನ ಸುಮ್ಮನಿದ್ದೆ. 'ಯಾರಿಗೂ ಗೊತ್ತಿಲ್ಲವಲ್ಲ' ಎಂದುಕೊಂಡೆ. ಹಾಗೆಂದುಕೊಂಡಾಗಲೆಲ್ಲ ಆ ಮೊಣಕಾಲು ನೆನಪಿಗೆ ಬರುತ್ತಿತ್ತು. ಮೂರನೆಯ ದಿನ ರಜೆ ಹಾಕಿ ಬಸ್ಸು ಹತ್ತಿ ಆ ಶಾಲೆಗೆ ಹೋದೆ. ಬೆಳಗಿನ ಪ್ರಾರ್ಥನೆ ಮುಗಿಯುತ್ತಿತ್ತು. ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ಎಲ್ಲ ಮಕ್ಕಳ ಮುಂದೆ ನಿಂತೆ. ಹೊಲಗಳಲ್ಲಿ ರಾಗಿ ತೆನೆ ಬಿಟ್ಟಿದ್ದ ಕಾಲ, ಗಾಳಿ ತಣ್ಣಗಿತ್ತು. ನನಗೆ ಮಾತ್ರ ಬೆವರುತ್ತಿತ್ತು. "ಮೊನ್ನೆ ನಾನು ಕೊಟ್ಟ ತೀರ್ಪು ತಪ್ಪು. ನಿಮ್ಮ ಆಟಗಾರ್ತಿ ಮಾಡಿದ್ದು ಸರಿ" ಎಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಏಳನೆಯ ನಂಬರಿನ ಹುಡುಗಿ ಸಾಲಿನಿಂದಲೇ ಕೇಳಿದಳು.

"ಹಾಗಾದರೆ ನಾವು ಗೆದ್ದೆವಾ ಸಾರ್?"

ಈ ಪ್ರಶ್ನೆಗೆ ನಾನು ಉತ್ತರ ಸಿದ್ಧ ಮಾಡಿಕೊಂಡು ಹೋಗಿರಲಿಲ್ಲ. ನಿಜವನ್ನೇ ಹೇಳಿದೆ. "ಇಲ್ಲಮ್ಮ. ಆಟ ಮುಗಿದು ಅಂಕಪಟ್ಟಿಗೆ ತೀರ್ಪುಗಾರ ಸಹಿ ಹಾಕಿದ ಮೇಲೆ ಇಂತಹ ತೀರ್ಪನ್ನು ಬದಲಿಸಲಾಗದು. ನೀನು ಚೆಂಡು ಎಸೆದಿದ್ದರೆ ಗೆಳತಿ ಬುಟ್ಟಿಗೆ ಹಾಕುತ್ತಿದ್ದಳೋ ಇಲ್ಲವೋ ಅದೂ ತಿಳಿಯದು. ಅದನ್ನು ನೋಡುವ ಅವಕಾಶವನ್ನೇ ನಾನು ತಪ್ಪಿಸಿದೆ."

"ಮತ್ತೆ ಯಾಕೆ ಬಂದಿರಿ ಸಾರ್?" ಎಂದು ಹಿಂದಿನ ಸಾಲಿನಿಂದ ಒಬ್ಬ ಪುಟ್ಟ ಹುಡುಗ ಕೇಳಿದ. ಟೀಚರ್ ಅವನನ್ನು ಗದರಿದರು. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಮುಂದಿನ ಸಲ ಅವಳು ಬಿದ್ದರೆ ಹೆದರಿ ಚೆಂಡು ಬಿಡಬಾರದಲ್ಲಪ್ಪ, ಅದಕ್ಕೆ" ಎಂದೆ.

ಆಮೇಲೆ ಮಕ್ಕಳೆಲ್ಲ ಅಂಗಳಕ್ಕೆ ಬಂದರು. ಒಬ್ಬಳು ಚೆಂಡು ತಂದಳು. ಆ ಹುಡುಗಿ ದೂರದಿಂದ ಓಡಿಬಂದು, ಬೇಕೆಂದೇ ಬಿದ್ದು, ಮಣ್ಣಿನ ಮೇಲೆ ಸರ್ರನೆ ಜಾರಿದಳು. ಮಲಗಿಕೊಂಡೇ ಚೆಂಡನ್ನು ಗೆಳತಿಗೆ ಎಸೆದು, ತಲೆಯೆತ್ತಿ ನನ್ನ ಮುಖ ನೋಡಿದಳು. ಮಕ್ಕಳೆಲ್ಲರೂ ನನ್ನ ಸೀಟಿಯನ್ನೇ ನೋಡುತ್ತಿದ್ದರು.

ನಾನು ಊದಲಿಲ್ಲ.