ಮುಚ್ಚಿಟ್ಟ ಮಾತ್ರೆ

ಹನೂರು ಕಡೆ ಕಾಮಾಲೆಗೆ ಯಾರೂ ಕಾರಣ ಹುಡುಕುವುದಿಲ್ಲ. ಮಾದಪ್ಪನ ಜಾತ್ರೆಯಲ್ಲಿ ಕಂಡಕಂಡ ನೀರು ಕುಡಿದಿರಬೇಕು, ನೆಲನೆಲ್ಲಿ ಅರೆದು ಕೊಡಿ, ಪಥ್ಯ ಮಾಡಿಸಿ ಅನ್ನುತ್ತಾರೆ. ಹೆಚ್ಚಿನವರಿಗೆ ಗುಣವೂ ಆಗುತ್ತದೆ. ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಬಹುಮಟ್ಟಿಗೆ ತಾವಾಗಿಯೇ ಇಳಿಯುವಂಥವು (ಗರ್ಭಿಣಿಯರಿಗೆ ಮಾತ್ರ ಇ ಜೀವಕ್ಕೇ ಎರವಾಗಬಹುದು). ಹೆಸರು ಸೊಪ್ಪಿಗೆ ಬರುತ್ತದೆ.

ಚಿಕ್ಕಪ್ಪನ ಕಣ್ಣು ಹಳದಿಯಾದಾಗ ಯಳಂದೂರಿನಲ್ಲಿ ವಿಜ್ಞಾನ ಪಾಠ ಹೇಳುವ ನಾನೂ ಅದನ್ನೇ ಅಂದೆ. ಅವರು ಕ್ಷಯಕ್ಕೆ ಸರ್ಕಾರಿ ಮಾತ್ರೆ ಶುರುಮಾಡಿ ತಿಂಗಳು ದಾಟಿದ್ದು ನನಗೆ ಗೊತ್ತಿತ್ತು. ಮೂತ್ರ ಕೆಂಪಾದರೂ ಗಾಬರಿಯಾಗಲಿಲ್ಲ. ರಿಫಾಂಪಿಸಿನ್ ನುಂಗಿದರೆ ಹಾಗಾಗುತ್ತದೆಂದು ಮೊದಲೇ ಹೇಳಿದ್ದರು. ಆ ಕೆಂಪಿನಲ್ಲಿ ಕಾಮಾಲೆಯ ಕಡುಬಣ್ಣ ಕಾಣದೇ ಹೋಯಿತು.

ಕೊಳ್ಳೇಗಾಲದ ವೈದ್ಯರು ಮೊದಲು ಕೇಳಿದ್ದೇ, "ಬೇರೆ ಮಾತ್ರೆ ಏನಾದ್ರೂ ತಗೋತಿದ್ದಾರಾ?" ಚಿಕ್ಕಪ್ಪ ನನ್ನ ಮುಖ ನೋಡಿದರು. ಮಗಳನ್ನು ಗಂಡಿನ ಕಡೆಯವರು ನೋಡಿಹೋಗಿದ್ದ ಸಮಯ. "ಇಲ್ಲ ಸಾರ್" ಅಂದೆ.

ರಕ್ತ ಪರೀಕ್ಷೆಯೂ ನನ್ನ ಸುಳ್ಳಿನ ಪರವಾಗಿಯೇ ನಿಂತಿತು. ಕುಡಿತದಿಂದ ಯಕೃತ್ತು ಊದಿದ್ದರೆ ಯಕೃತ್ತಿನ ಕಿಣ್ವಗಳಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿಯ ಸುಮಾರು ಎರಡರಷ್ಟಿರುತ್ತದೆ, ಎರಡೂ ಕೆಲವು ನೂರು ದಾಟುವುದು ಅಪರೂಪ. ಗದ್ದೆಯಲ್ಲಿ ದುಡಿಯುವವರನ್ನು ಹಿಡಿಯುವ ಇಲಿಜ್ವರದಲ್ಲಿ ಕಣ್ಣು ಎಷ್ಟೇ ಹಳದಿಯಾದರೂ ಈ ಅಂಕಿಗಳು ಅಷ್ಟಾಗಿ ಏರುವುದಿಲ್ಲ, ಮೀನಖಂಡ ಹಿಂಡಿದಂತೆ ನೋಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಕೆಂಪು ರಕ್ತಕಣಗಳು ಒಡೆದು ಹಳದಿ ಬರುತ್ತದೆ. ಅಲ್ಲಿ ಎಷ್ಟೋ ಸಲ ಯಕೃತ್ತಿನ ತಪ್ಪೇ ಇರುವುದಿಲ್ಲ. ಆದರೆ ವೈರಸ್ಸೂ ಕ್ಷಯದ ಮಾತ್ರೆಯೂ ಎಸ್‌ಜಿಪಿಟಿಯನ್ನು ಒಂದೇ ಬಗೆಯಲ್ಲಿ ಏರಿಸಬಲ್ಲವು. ಚಿಕ್ಕಪ್ಪನ ಚೀಟಿ ನೋಡಿ ಇದು ಯಾವುದೆಂದು ಯಾರೂ ಹೇಳುವಂತಿರಲಿಲ್ಲ. ರೋಗಿಯ ಕಡೆಯವರು ಬಾಯಿ ಬಿಡಬೇಕಿತ್ತು.

ಆಮೇಲೆ ಅನ್ನ ಕಂಡರೇ ವಾಂತಿ ಶುರುವಾಯಿತು. ಕ್ಷಯದ ಮಾತ್ರೆ ಒಂದು ದಿನವೂ ತಪ್ಪಬಾರದೆಂದು ನಾನೇ ಎದುರು ನಿಂತು ನುಂಗಿಸುತ್ತಿದ್ದೆ. ನನ್ನ ಶಿಸ್ತೇ ಅವರಿಗೆ ಮುಳುವಾಗುತ್ತಿತ್ತು. ಎ, ಬಿ, ಸಿ, ಇ ಯಾವ ವೈರಸ್ಸೂ ಇಲ್ಲವೆಂದು ವರದಿ ಬಂದಾಗ ವೈದ್ಯರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಈ ಸಲ ಚಿಕ್ಕಮ್ಮನನ್ನು. ಅವರು ಚೀಲದಿಂದ ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ.

ಮಾತ್ರೆ ಅಂದೇ ನಿಂತಿತು. ಅಂಕಿಗಳು ಇಳಿದ ಮೇಲೆ ಒಂದೊಂದಾಗಿ ಮತ್ತೆ ಕೊಟ್ಟರು. ಪೈರಜಿನಮೈಡ್ ಕೈಬಿಟ್ಟದ್ದರಿಂದ 6 ತಿಂಗಳ ಚಿಕಿತ್ಸೆ 9 ತಿಂಗಳಾಯಿತು. ಗಂಡಿನ ಕಡೆಯವರು ಅಷ್ಟರಲ್ಲಿ ಸಂಬಂಧ ಬೇಡವೆಂದಿದ್ದರು. ಕ್ಷಯದ ಸುದ್ದಿ ಅವರಿಗೆ ಮುಟ್ಟಿರಲೇ ಇಲ್ಲ, ಒಡವೆ ಸಾಲದಾಗಿತ್ತಂತೆ.